ನಾಲ್ಕು ಅಂಕದ ಪ್ರಶ್ನೆ

ಚಳ್ಳಕೆರೆ ಸೀಮೆಯಲ್ಲಿ ಮಳೆಗೆ ಬರವಿರಬಹುದು, ಇತಿಹಾಸದ ಮೇಷ್ಟ್ರುಗಳ ನೋಟ್ಸಿನಲ್ಲಿ ಕಾರಣಗಳಿಗೆ ಮಾತ್ರ ಎಂದೂ ಬರವಿಲ್ಲ. ಮೊಗಲರ ಪತನಕ್ಕೆ ಕಾರಣಗಳು, ಫ್ರಾನ್ಸಿನ ಕ್ರಾಂತಿಗೆ ಕಾರಣಗಳು, ರಷ್ಯಾದ ಕ್ರಾಂತಿಗೆ ಕಾರಣಗಳು. ರಾಜಕೀಯ, ಸಾಮಾಜಿಕ, ಆರ್ಥಿಕ, ಬೌದ್ಧಿಕ ಎಂದು ನಾಲ್ಕು ಗೂಟ ಹೊಡೆದು, ಐದನೆಯದಾಗಿ ‘ತಕ್ಷಣದ ಕಾರಣ’ ಎಂಬ ಹಗ್ಗ ಬಿಗಿದರೆ ಎಂಥ ಸಿಂಹಾಸನವನ್ನಾದರೂ ಕೆಳಗೆ ಎಳೆದು ಹಾಕಬಹುದು. ಬಿ.ಎ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದಾಗಿನಿಂದ ನಾನು ಎಷ್ಟು ದೊರೆಗಳನ್ನು ಹೀಗೆ ಇಳಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಮಕ್ಕಳಿಗೆ ನೆನಪಿರಲಿ ಎಂದು ಪ್ರತಿ ಕಾರಣದ ಮೊದಲಕ್ಷರ ಸೇರಿಸಿ ಒಂದು ಪದ ಬೇರೆ ಮಾಡಿಕೊಟ್ಟಿದ್ದೆ. ಅದಕ್ಕೆ ಅರ್ಥವೇನೂ ಇರಲಿಲ್ಲ, ಅಂಕವಿತ್ತು.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ನಾನು ದಿನಾ ಚಳ್ಳಕೆರೆಯಿಂದ ತಳಕು, ಬಿ.ಜಿ. ಕೆರೆ, ಹಾನಗಲ್ ದಾಟಿ ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪರೀಕ್ಷೆಯ ಕಾಲದಲ್ಲಿ ಉತ್ತರ ಪತ್ರಿಕೆಗಳನ್ನು ಬಸ್ಸಿನಲ್ಲೇ ತಿದ್ದುವ ಕೆಟ್ಟ ಚಾಳಿಯೂ ಇತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ರಷ್ಯಾ ಕ್ರಾಂತಿಗೆ ಕಾರಣಗಳೇನು?’ ಎಂಬ ನಾಲ್ಕು ಅಂಕದ ಪ್ರಶ್ನೆ ಕೇಳಿದ್ದೆ. ನೇಕಾರರ ಮನೆಯ ಒಬ್ಬ ಹುಡುಗಿ ಅದಕ್ಕೆ ಬರೆದಿದ್ದು ಎರಡೇ ಸಾಲು. 1905ರಲ್ಲಿಯೂ ಜನರಿಗೆ ಹಸಿವಿತ್ತು, ಸೈನಿಕರು ಗುಂಡು ಹಾರಿಸಿದರು, ರಾಜ ಉಳಿದ. 1917ರಲ್ಲಿಯೂ ಹಸಿವಿತ್ತು, ಸೈನಿಕರು ಗುಂಡು ಹಾರಿಸಲಿಲ್ಲ, ರಾಜ ಹೋದ. ಇಷ್ಟೆ.

ನಾನು ಅರ್ಧ ಅಂಕ ಕೊಟ್ಟೆ. ಅದೂ ಇಸವಿ ಸರಿಯಾಗಿ ಬರೆದಿದ್ದಾಳಲ್ಲ ಎಂದು.

ಪತ್ರಿಕೆ ಹಂಚಿದ ದಿನ ಅವಳು ಬೆಲ್ಲಾದ ಮೇಲೆ ಬಂದು ನಿಂತಳು. ಮನೆಯಲ್ಲಿ ಕಂಡಿಕೆ ಸುತ್ತಿ ಸುತ್ತಿ ಅವಳ ತೋರುಬೆರಳಿನ ಮೇಲೆ ಗೆರೆ ಬಿದ್ದಿತ್ತು. ಆ ಬೆರಳನ್ನು ಉತ್ತರದ ಮೇಲಿಟ್ಟು, “ಮಿಸ್, ಇದು ತಪ್ಪಾ?” ಎಂದಳು. ತಪ್ಪೋ ಸರಿಯೋ ನಾನು ಯೋಚಿಸಿಯೇ ಇರಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. “ತಪ್ಪಲ್ಲ ಕಣೆ, ಆದರೆ ಪುಸ್ತಕದಲ್ಲಿರೋದನ್ನ ಬರಿ. ನಾಳೆ ಪಬ್ಲಿಕ್ ಪರೀಕ್ಷೇಲಿ ನೋಡೋರು ನಾನಲ್ಲ” ಎಂದೆ. ಅವಳು ತಲೆಯಾಡಿಸಿ ಹೋದಳು. ಮುಂದಿನ ಪರೀಕ್ಷೆಯಲ್ಲಿ ಪುಸ್ತಕದಲ್ಲಿದ್ದುದನ್ನೇ ಬರೆದಳು, ಒಂದಕ್ಷರ ಆಚೀಚೆ ಇಲ್ಲದಂತೆ. ನಾನು ಪೂರ್ತಿ ಅಂಕ ಕೊಟ್ಟು ಮರೆತೂಬಿಟ್ಟೆ.

ಮರೆತಿದ್ದನ್ನು ನೆನಪಿಸಿದವಳು ನನ್ನ ಮಗಳು. ಅವಳು ಇತಿಹಾಸದಲ್ಲಿ ಎಂ.ಎ. ಮಾಡುವಾಗ ರಜಕ್ಕೆ ಬಂದರೆ ಚೀಲದ ತುಂಬ ಪುಸ್ತಕ. ಚಟ್ನಿಪುಡಿ ತುಂಬಿಕೊಂಡು ಹೋಗುವ ಚೀಲದಲ್ಲಿ ಕ್ರಾಂತಿಗಳನ್ನು ತುಂಬಿಕೊಂಡು ಬರುತ್ತಿದ್ದಳು. ಬೇಸಿಗೆಯ ಮಧ್ಯಾಹ್ನ ನಿದ್ದೆ ಬಾರದೆ ಒಂದೊಂದನ್ನೇ ತೆರೆದು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದತೊಡಗಿದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಓದುತ್ತ ಓದುತ್ತ ಎದೆಯಲ್ಲಿ ಏನೋ ಚುಚ್ಚಿದಂತಾಯಿತು.

ಮೊದಲು ತಿಳಿದದ್ದು, ಇತಿಹಾಸಕಾರರಲ್ಲೂ ನಮ್ಮ ಹಾಗೆ ಜಗಳ ಉಂಟು ಎಂಬುದು. ಟಾಕ್‌ವಿಲ್ ಎಂಬ ಫ್ರೆಂಚ್ ಮಹನೀಯರು 1856ರಲ್ಲಿ ಒಂದು ವಿಚಿತ್ರ ಮಾತು ಹೇಳಿದರು. ದಬ್ಬಾಳಿಕೆ ತೀರಾ ಹೆಚ್ಚಿದಾಗ ಜನ ತಿರುಗಿ ಬೀಳುತ್ತಾರೆಂದು ನಾವು ತಿಳಿದಿದ್ದೇವಲ್ಲ, ಹಾಗಲ್ಲವಂತೆ. ಕೆಟ್ಟ ಸರ್ಕಾರಕ್ಕೆ ನಿಜವಾದ ಗಂಡಾಂತರ ಬರುವುದು ಅದು ತನ್ನನ್ನು ತಿದ್ದಿಕೊಳ್ಳಲು ಹೊರಟಾಗ. ಬಿಗಿದ ಹಗ್ಗವನ್ನು ಒಂದಿಷ್ಟು ಸಡಿಲಿಸಿದ ಮೇಲೆಯೇ ಉಳಿದ ಬಿಗಿ ನೋಯತೊಡಗುವುದು. ಅತ್ತೆಯ ಕಾಲದಲ್ಲಿ ಬಾಯಿ ಬಿಡದೆ ಸಂಸಾರ ಮಾಡಿದ ನಮಗೆ ಇದು ಯಾವ ಪಂಡಿತರೂ ಹೇಳದೆ ಗೊತ್ತಿರುವ ಮಾತು. ಮುಂದೆ ಲಾಬ್ರೂಸ್ ಎಂಬವರು ಧಾನ್ಯದ ಬೆಲೆಗಳನ್ನು ವರ್ಷ ವರ್ಷ ಕೂಡಿಸಿ, 1788ರ ಬೆಳೆ ಕೆಟ್ಟು, 1789ರ ಜುಲೈ ಹೊತ್ತಿಗೆ ರೊಟ್ಟಿಯ ಬೆಲೆ ತುತ್ತತುದಿಗೆ ಏರಿತ್ತೆಂದು ತೋರಿಸಿದರು. ಆ ವರ್ಷ ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಸಂತೆಯ ಹೆಂಗಸರು ಮಳೆಯಲ್ಲಿ ನೆನೆಯುತ್ತ ಸುಮಾರು 20 ಕಿಲೋಮೀಟರ್ ನಡೆದು ವರ್ಸೇಲ್ಸ್ ಅರಮನೆಗೆ ಹೋಗಿ, ಮರುದಿನ ರಾಜನನ್ನೂ ರಾಣಿಯನ್ನೂ ಊರಿಗೆ ಕರೆತಂದರು.

ರಾಣಿ ಎಂದಾಗ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ರೊಟ್ಟಿ ಇಲ್ಲದಿದ್ದರೆ ಕೇಕ್ ತಿನ್ನಲಿ ಎಂದಳಂತೆ ಮೇರಿ ಆಂಟೊನೆಟ್ ಎಂದು ನಾನೂ ತರಗತಿಯಲ್ಲಿ ರಸವತ್ತಾಗಿ ಹೇಳಿ ಮಕ್ಕಳನ್ನು ನಗಿಸಿದ್ದೇನೆ. ಅವಳು ಹಾಗೆ ಹೇಳಿದ್ದಕ್ಕೆ ಆಧಾರವೇ ಇಲ್ಲ. ಯಾವಳೋ ಒಬ್ಬ ರಾಜಕುಮಾರಿಯ ಹೆಸರಿನಲ್ಲಿ ಅಂಥದೇ ಕತೆಯನ್ನು ರೂಸೋ ಬರೆದಿಟ್ಟ ಕಾಲಕ್ಕೆ ಈಕೆ ಇನ್ನೂ ಆಸ್ಟ್ರಿಯಾದಲ್ಲಿದ್ದ ಚಿಕ್ಕ ಹುಡುಗಿ. ರಷ್ಯಾದಲ್ಲೂ ಇದೇ ಕತೆ. ರಾಣಿ ಅಲೆಕ್ಸಾಂಡ್ರಾ ಹೊರಗಿನಿಂದ ಬಂದವಳು, ಜರ್ಮನಿಯವಳು, ರಾಸ್ಪುಟಿನ್ನನ ಮಾತು ಕೇಳಿ ಮನೆ ಕೆಡಿಸಿದಳು. ರಾಜ್ಯ ಮುಳುಗಿದರೂ ಬೈಗುಳ ಬರುವುದು ಬೇರೆ ಊರಿನಿಂದ ಬಂದ ಸೊಸೆಗೇ. ನಮ್ಮ ದುರ್ಗದ ಕಡೆ 1779ರಲ್ಲಿ ಮದಕರಿ ನಾಯಕರ ಕೋಟೆ ಹೈದರಾಲಿಯ ವಶವಾದದ್ದಕ್ಕೆ ಇಂದಿಗೂ ಜನ ದ್ರೋಹಿಗಳ ಕತೆಯನ್ನೇ ಹೇಳುತ್ತಾರೆ. ಒಬ್ಬ ಕೆಟ್ಟವನನ್ನೋ ಕೆಟ್ಟವಳನ್ನೋ ತೋರಿಸಿಬಿಟ್ಟರೆ ಕೇಳುವವರಿಗೆ ಸಮಾಧಾನ.

ನನ್ನನ್ನು ಹಿಡಿದು ನಿಲ್ಲಿಸಿದವರು ಇಬ್ಬರು ಹೆಂಗಸರು. ಕ್ಯಾಥರೀನ್ ಚಾರ್ಲಿ ಎಂಬ ಇಂಗ್ಲಿಷ್ ಲೇಖಕಿ, ಬೆಟ್ಟ ಹತ್ತುವುದರಲ್ಲೂ ಹೆಸರಾದವರು, 1943ರಲ್ಲಿ ಸೈನ್ಯ ಮತ್ತು ಕ್ರಾಂತಿ ಎಂಬ ವಿಷಯವನ್ನೇ ಹಿಡಿದು ಒಂದು ಪುಸ್ತಕ ಬರೆದರು. ಸೈನ್ಯ ಗಟ್ಟಿಯಾಗಿ ದೊರೆಯ ಬೆನ್ನಿಗೆ ನಿಂತಿರುವ ತನಕ ಜನ ಎಷ್ಟೇ ಎದ್ದರೂ ಗೆಲ್ಲುವುದು ಕಷ್ಟ ಎಂಬುದು ಅದರ ತಿರುಳು. ಮತ್ತೊಬ್ಬರು ಅಮೆರಿಕದ ಥೀಡಾ ಸ್ಕಾಚ್‌ಪೋಲ್. ಅವರ ಪುಸ್ತಕ 1979ರದು. ಜನರಿಗೆ ಸಿಟ್ಟು ಎಲ್ಲ ಕಾಲದಲ್ಲೂ ಇರುತ್ತದೆ, ಆದ್ದರಿಂದ ಸಿಟ್ಟೊಂದರಿಂದಲೇ ಕ್ರಾಂತಿಯನ್ನು ವಿವರಿಸಲಾಗದು ಎನ್ನುತ್ತಾರೆ ಅವರು. ಯುದ್ಧ, ಸಾಲ, ಹೊರಗಿನ ಒತ್ತಡಗಳಿಂದ ರಾಜ್ಯಯಂತ್ರವೇ ಒಳಗಿನಿಂದ ಮುರಿದಾಗ ಮಾತ್ರ ಆ ಸಿಟ್ಟಿಗೆ ದಾರಿ ಸಿಗುತ್ತದೆ.

ಇದನ್ನು ಓದಿದ ಮಧ್ಯಾಹ್ನ ನನಗೆ ಆ ಬೆರಳು ನೆನಪಾಯಿತು. ಕಂಡಿಕೆ ಸುತ್ತಿ ಗೆರೆ ಬಿದ್ದ ಬೆರಳು.

ರಷ್ಯಾದ ಎರಡು ದಿನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 1905ರ ಜನವರಿ, ಒಂದು ಭಾನುವಾರ. ಸೇಂಟ್ ಪೀಟರ್ಸ್‌ಬರ್ಗಿನ ಕೂಲಿಕಾರರು ಗೇಪನ್ ಎಂಬ ಪಾದ್ರಿಯ ಹಿಂದೆ ಹೆಂಡಿರು ಮಕ್ಕಳ ಸಮೇತ ಅರಮನೆಗೆ ಅರ್ಜಿ ಕೊಡಲು ಹೊರಟಿದ್ದಾರೆ. ಕೈಯಲ್ಲಿ ದೇವರ ಪಟಗಳು, ಅದರ ಜೊತೆಗೆ ದೊರೆಯ ಪಟವೂ ಇದೆ. ದೊರೆಯ ಮೇಲೆ ಅವರಿಗೆ ಸಿಟ್ಟಿಲ್ಲ, ನಂಬಿಕೆಯಿದೆ. ಸೈನಿಕರು ಗುಂಡು ಹಾರಿಸಿದರು, ಹಿಮದ ಮೇಲೆ ಹೆಣ ಬಿದ್ದವು. ಆ ವರ್ಷವೆಲ್ಲ ದೇಶ ಹೊತ್ತಿ ಉರಿಯಿತು. ಆದರೂ ನಿಕೋಲಸ್ ಉಳಿದ, ಏಕೆಂದರೆ ಸೈನ್ಯದ ಬಹುಭಾಗ ಅವನ ಜೊತೆಗಿತ್ತು.

ಹನ್ನೆರಡು ವರ್ಷದ ಮೇಲೆ, 1917ರಲ್ಲಿ, ಅದೇ ಊರು. ಯುದ್ಧ ಮೂರನೆಯ ವರ್ಷಕ್ಕೆ ಬಿದ್ದಿದೆ. ಮಾರ್ಚ್ 8, ಅವರ ಹಳೆಯ ಪಂಚಾಂಗದಲ್ಲಿ ಫೆಬ್ರವರಿ 23, ಮಹಿಳಾ ದಿನ. ರೊಟ್ಟಿಯ ಸಾಲಿನಲ್ಲಿ ಚಳಿಯಲ್ಲಿ ನಿಂತು ಸಾಕಾದ ಹೆಂಗಸರು, ಬಟ್ಟೆ ಗಿರಣಿಯ ಕೆಲಸದ ಹೆಂಗಸರು, ಬೀದಿಗೆ ಬಂದರು. ಮುಷ್ಕರಕ್ಕೆ ಇದು ಸಮಯವಲ್ಲ ಎಂದು ಪಕ್ಷದ ಮುಖಂಡರೇ ಹಿಂಜರಿಯುತ್ತಿದ್ದರು. ಹೆಂಗಸರು ಕೇಳಲಿಲ್ಲ. ಮೂರು ದಿನ ಜನ ಸೇರುತ್ತಲೇ ಹೋದರು. ನಾಲ್ಕನೆಯ ದಿನ ಸೈನಿಕರು ಗುಂಡು ಹಾರಿಸಿಯೇ ಹಾರಿಸಿದರು. ಆ ರಾತ್ರಿ ಬ್ಯಾರಕ್ಕುಗಳಲ್ಲಿ ಯಾರಿಗೂ ನಿದ್ದೆ ಹತ್ತಿರಲಾರದು. ಬೆಳಗಾದಾಗ ವೊಲಿನ್‌ಸ್ಕಿ ಎಂಬ ದಳದವರು ಇನ್ನು ಹಾರಿಸುವುದಿಲ್ಲ ಎಂದು ತಿರುಗಿ ನಿಂತರು. ಸಂಜೆಯೊಳಗೆ ದಳದ ಮೇಲೆ ದಳ ಅವರನ್ನು ಸೇರಿತು. ಮೂರು ನೂರು ವರ್ಷ ಆಳಿದ ರೊಮಾನೊವ್ ವಂಶ ಇನ್ನೊಂದು ವಾರ ಕೂಡ ಬಾಳಲಿಲ್ಲ.

ಹುಡುಗಿ ಎರಡು ಸಾಲಿನಲ್ಲಿ ಬರೆದಿದ್ದು ಇದನ್ನೇ. ನಾನು ಕೊಟ್ಟಿದ್ದು ಅರ್ಧ ಅಂಕ.

ದೂರದ ದೇಶದ ಮಾತೇಕೆ, ನಮ್ಮ ಮನೆಯಲ್ಲೇ ಇದಕ್ಕೆ ಸಾಕ್ಷಿಯಿತ್ತು, ನಾನು ಕಿವಿಗೊಟ್ಟಿರಲಿಲ್ಲ. ನನ್ನ ತಾಯಿಯ ತಾಯಿ ಮೊಳಕಾಲ್ಮೂರಿನವರು. ಅವರ ಪಡಸಾಲೆಯ ಗೋಡೆಯ ಮೇಲೆ ಚಾಮುಂಡೇಶ್ವರಿಯ ಪಕ್ಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಅವರ ಪಕ್ಕದಲ್ಲಿ ಗಾಂಧಿ. ಮೂರಕ್ಕೂ ಒಂದೇ ಹೂವಿನ ಸರ. ಆ ಅಜ್ಜಿಯ ಗಂಡ, ನಮ್ಮ ಅಜ್ಜ, 1947ರ ಸೆಪ್ಟೆಂಬರಿನಲ್ಲಿ ನೂಲು ತರುತ್ತೇನೆಂದು ರಾಯದುರ್ಗಕ್ಕೆ ಹೋದವರು ತಿಂಗಳು ಕಳೆದು ನೂಲಿಲ್ಲದೆ, ಮೈಮೇಲೆ ಬಾಸುಂಡೆ ಹೊತ್ತು ಬಂದರಂತೆ. ‘ಮೈಸೂರು ಚಲೋ’ದಲ್ಲಿ ಸೇರಿ ಜೈಲು ಕಂಡಿದ್ದರು.

ಈಗಿನವರಿಗೆ ಇದು ವಿಚಿತ್ರವೆನಿಸಬಹುದು. ಮೊಳಕಾಲ್ಮೂರು ತಾಲ್ಲೂಕು ಮೈಸೂರು ಸಂಸ್ಥಾನದ್ದು, ಅದರ ಮೂರು ಕಡೆಗೂ ಮದ್ರಾಸ್ ಪ್ರಾಂತದ ನೆಲ. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಗಸ್ಟ್ 15ರಂದು ಆಚೆಯವರದು ಸ್ವಂತ ಸರ್ಕಾರ, ಈಚೆ ಇನ್ನೂ ಮಹಾರಾಜರು, ಅವರ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. “ಹಳ್ಳದ ಆಚೆ ಸ್ವಾತಂತ್ರ್ಯ ಬಂದಿತ್ತು ಕಣವ್ವ, ಈಚೆ ಬಂದಿರಲಿಲ್ಲ” ಎನ್ನುತ್ತಿದ್ದರು ಅಜ್ಜಿ.

“ಹಂಗಾದ್ರೆ ಮಹಾರಾಜರ ಮೇಲೆ ನಿಮಗೆ ಸಿಟ್ಟಿತ್ತೇನಜ್ಜಿ?” ಎಂದು ಕೇಳಿದ್ದೆ ಒಮ್ಮೆ. ಅಜ್ಜಿ ಗೋಡೆಯ ಕಡೆ ನೋಡಿ ಕೆನ್ನೆ ಬಡಿದುಕೊಂಡರು. “ಬಿಡ್ತು ಅನ್ನು. ಅವರ ಮ್ಯಾಲೆ ಯಾತರ ಸಿಟ್ಟು? ಬಿಳೇರು ಹೋದರು. ಬೇಲಿ ಕಿತ್ತ ಮ್ಯಾಲೆ ಹೊಲ ಎಷ್ಟು ದಿನ ನಿಲ್ತೈತೆ?”

ನಾನು ನಕ್ಕು ಸುಮ್ಮನಾದೆ. ನನ್ನ ನೋಟ್ಸಿನ ಯಾವ ಕಾರಣಕ್ಕೂ ಅದು ಹೊಂದುತ್ತಿರಲಿಲ್ಲ.

ಅಜ್ಜಿಯ ಬೇಲಿಯನ್ನು ಹಿಡಿದು ಹಿಂದಕ್ಕೆ ಹೋದರೆ ಮೈಸೂರಿನ ಕತೆ ಬೇರೆಯಾಗಿ ಕಾಣುತ್ತದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಮಗುವನ್ನು, ಮುಮ್ಮಡಿ ಕೃಷ್ಣರಾಜ ಒಡೆಯರನ್ನು, ಗದ್ದುಗೆಯ ಮೇಲೆ ಕೂರಿಸಿದವರು ಕಂಪನಿಯವರು. ಬೇಲಿಯ ಬಾಡಿಗೆ ಎಂಬಂತೆ ವರ್ಷ ವರ್ಷವೂ ಪೊಗದಿ ಕಟ್ಟಬೇಕು. ಖಜಾನೆ ಬರಿದಾಗುತ್ತ ಬಂತು. ಇಷ್ಟು ಹಣ ತಂದೇ ತರುತ್ತೇನೆಂದು ಅಮಲ್ದಾರರಿಂದ ಶರತ್ತು ಬರೆಸಿಕೊಳ್ಳುವ ಪದ್ಧತಿ ಬಂತು, ಆ ಹಣವನ್ನು ಅವರು ಹಿಂಡಿದ್ದು ರೈತರಿಂದ. 1830ರಲ್ಲಿ ನಗರದ ಸೀಮೆಯ ರೈತರು ಕೂಟ ಕೂಡಿದರು, ಕಂದಾಯ ಕೊಡುವುದಿಲ್ಲವೆಂದರು. ಬೂದಿ ಬಸಪ್ಪನೆಂಬವನು ತಾನೇ ನಗರದ ದೊರೆಯೆಂದ, ತರೀಕೆರೆಯ ಪಾಳೆಯಗಾರನೂ ಎದ್ದ. ಮೈಸೂರಿನ ಸೈನ್ಯದಿಂದ ಆಗದೆ ಕಂಪನಿಯ ಸೈನ್ಯ ಬಂದು ದಂಗೆಯನ್ನು ಅಡಗಿಸಿತು. ದಂಗೆ ಸೋತಿತು, ಆದರೆ ಕಾಪಾಡಲು ಬಂದವರೇ 1831ರಲ್ಲಿ ಮಹಾರಾಜರ ಕೈಯಿಂದ ಆಡಳಿತ ಕಿತ್ತುಕೊಂಡರು. ಅದು ತಿರುಗಿ ಅರಸು ಮನೆತನಕ್ಕೆ ಬಂದದ್ದು 1881ರಲ್ಲಿ, ಐವತ್ತು ವರ್ಷದ ಮೇಲೆ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ಆಮೇಲಿನದು ಒಳ್ಳೆಯ ಕಾಲವೇ. ಪ್ರಜಾಪ್ರತಿನಿಧಿ ಸಭೆ, ಹಿರಿಯೂರಿನ ಬಳಿ ವಾಣಿವಿಲಾಸ ಸಾಗರ, ಶಾಲೆಗಳು, ಕನ್ನಂಬಾಡಿ. ನಾಲ್ವಡಿಯವರನ್ನು ಗಾಂಧೀಜಿ ರಾಜರ್ಷಿ ಎಂದರು. ಮೈಸೂರನ್ನು ಕುರಿತು ಬರೆದ ಜೇಮ್ಸ್ ಮೇನರ್ ಎಂಬ ವಿದ್ವಾಂಸರು, ಹಳ್ಳಿಗಳ ಒಳಾಡಳಿತಕ್ಕೆ ಸಂಸ್ಥಾನ ಹೆಚ್ಚು ಕೈಹಾಕದೆ ಇದ್ದುದರಿಂದ ಹಳ್ಳಿಗರಿಗೂ ಮೇಲಿನ ರಾಜಕೀಯಕ್ಕೂ ನಂಟೇ ಕಡಮೆಯಿತ್ತು ಎನ್ನುತ್ತಾರೆ. ಇರಬಹುದು. ಆದರೆ ಟಾಕ್‌ವಿಲ್ ಹೇಳಿದ್ದೂ ಸುಳ್ಳಾಗಲಿಲ್ಲ. ಸಭೆ ಕೊಟ್ಟು ಅಧಿಕಾರ ಕೊಡದಿದ್ದರೆ, ಎಲೆ ಹಾಕಿ ಅನ್ನ ಬಡಿಸದೆ ಹೋದಂತೆ.

ಸಿಟ್ಟು ಬಹಿರಂಗಕ್ಕೆ ಬಂದಾಗಲೆಲ್ಲ ಸಂಸ್ಥಾನದ ಪೊಲೀಸರು ಹಿಂಜರಿಯಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ನಮ್ಮ ಪಕ್ಕದ ತುರುವನೂರಿನಲ್ಲಿ 1939ರಲ್ಲಿ ಈಚಲ ಮರ ಕಡಿದು ಸತ್ಯಾಗ್ರಹ ಮಾಡಿದರು, ಆ ಚಳವಳಿಯಲ್ಲಿ ಜೈಲಿಗೆ ಹೋದ ನಿಜಲಿಂಗಪ್ಪನವರ ವಕೀಲಿ ಸನ್ನದೇ ರದ್ದಾಯಿತು. 1942ರಲ್ಲಿ ಈಸೂರಿನವರು ತಮ್ಮದೇ ಸರ್ಕಾರವೆಂದು ಸಾರಿದರು. ಗಲಭೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು, 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಸಿಂಹಾಸನ ಅಲುಗಲಿಲ್ಲ. ಮೈಸೂರಿನ ಪಾಲಿಗೆ ಇವೆಲ್ಲ 1905ರ ರಷ್ಯಾ.

1947ರಲ್ಲಿ ಬದಲಾಗಿದ್ದೇನು? ಅದೇ ಜನ, ಅದೇ ಲಾಠಿ, ಅದೇ ಕೋವಿ. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಸತ್ತ. ಅವನ ಹೆಸರಿನ ವೃತ್ತದಲ್ಲಿ ಇಂದಿಗೂ ಬಸ್ಸುಗಳು ಸುತ್ತುತ್ತವೆ. ಮಹಾರಾಜ ಜಯಚಾಮರಾಜ ಒಡೆಯರು ಕ್ರೂರಿಯಲ್ಲ, ಸಂಗೀತ ಬಲ್ಲ ಸಜ್ಜನರು. ಬದಲಾಗಿದ್ದು ಒಂದೇ, 1831ರಲ್ಲಿ ಬಂದ ಸೈನ್ಯ ಈ ಸಲ ಬರುವಂತಿರಲಿಲ್ಲ. ದೆಹಲಿಯಲ್ಲಿ ಕೂತವರು ಚಳವಳಿಯವರ ಕಡೆಯವರೇ. ಸೆಪ್ಟೆಂಬರ್ 1ಕ್ಕೆ ಶುರುವಾದ ಚಳವಳಿ ಅಕ್ಟೋಬರ್ 12ಕ್ಕೆ ಒಪ್ಪಂದದಲ್ಲಿ ಮುಗಿಯಿತು. ನಲವತ್ತೆರಡು ದಿನ. ತಿಂಗಳ ಕೊನೆಯೊಳಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಫ್ರಾನ್ಸಿನ ದೊರೆಯ ತಲೆ ಹೋಯಿತು, ರಷ್ಯಾದ ದೊರೆಯ ಸಂಸಾರವೇ ಹೋಯಿತು, ನಮ್ಮ ದೊರೆ ರಾಜಪ್ರಮುಖರಾಗಿ, ಮುಂದೆ ರಾಜ್ಯಪಾಲರಾಗಿ ಗೌರವದಿಂದ ಬಾಳಿದರು. ಅಜ್ಜಿಯ ಗೋಡೆಯ ಮೇಲೆ ಪಟವೂ ಉಳಿಯಿತು.

ಇಷ್ಟನ್ನೂ ಓದಿದ ಮೇಲೆ ಸೈನ್ಯವೊಂದೇ ಕಾರಣ ಎಂದು ನಾನು ಹೊಸ ಗೂಟ ಹೊಡೆಯಲಾರೆ. ಕೋವಿ ತಾನಾಗಿ ತಿರುಗುವುದಿಲ್ಲ. 1917ರಲ್ಲಿ ಪೆಟ್ರೊಗ್ರಾಡಿನಲ್ಲಿ ನಿಂತಿದ್ದ ಸೈನಿಕರಲ್ಲಿ ಬಹುಮಂದಿ ಹಳ್ಳಿಯಿಂದ ಹೊಸದಾಗಿ ಎಳೆದುತಂದ ಹುಡುಗರು. ಅವರ ಕೋವಿಯ ಮುಂದೆ ಹೋಗಿ, ನಮ್ಮನ್ನು ಕೊಲ್ಲುತ್ತೀರಾ ಮಕ್ಕಳೇ ಎಂಬ ಧಾಟಿಯಲ್ಲಿ ಮಾತಾಡಿಸಿದವರು ರೊಟ್ಟಿ ಸಿಗದ ಹೆಂಗಸರು. ಬೆಲೆಯೇರಿಕೆ ಒಂದು ಕಾರಣ, ಸೈನ್ಯ ತಿರುಗಿದ್ದು ಇನ್ನೊಂದು ಕಾರಣ ಎಂದು ನಾವು ಬೇರೆ ಬೇರೆ ನಂಬರು ಹಾಕುತ್ತೇವೆ. ಬೀದಿಯಲ್ಲಿ ಅವೆರಡೂ ಎದುರುಬದುರು ನಿಂತು ಒಬ್ಬರ ಮುಖ ಒಬ್ಬರು ನೋಡಿದ್ದವು. ಹಾಸು ಬೇರೆ, ಹೊಕ್ಕು ಬೇರೆ, ಸೀರೆ ಮಾತ್ರ ಒಂದೇ. ಮೊಳಕಾಲ್ಮೂರಿನಲ್ಲಿ ಇಷ್ಟು ವರ್ಷ ಪಾಠ ಮಾಡಿ ಇದನ್ನು ಕಾಣಲು ನನಗೆ ಇಷ್ಟು ಹೊತ್ತು ಹಿಡಿಯಿತು.

ಈಗಲೂ ಕಾರಣಗಳನ್ನು ಬರೆಸುತ್ತೇನೆ. ಬರೆಸದಿದ್ದರೆ ಮಕ್ಕಳಿಗೆ ಅಂಕ ಬರುವುದಿಲ್ಲ, ತಂದೆತಾಯಂದಿರು ಬಂದು ನಿಲ್ಲುತ್ತಾರೆ. ಬರೆಸಿದ ಮೇಲೆ ಪುಸ್ತಕ ಮುಚ್ಚಿಸಿ, “1905ರಲ್ಲಿ ಯಾಕೆ ಬೀಳಲಿಲ್ಲ ಹೇಳ್ರಪ್ಪ” ಎಂದು ಕೇಳುತ್ತೇನೆ. ಹೆಚ್ಚಿನ ಮಕ್ಕಳು ಕಿಟಕಿಯ ಕಡೆ ನೋಡುತ್ತಾರೆ. ಕೆಲವರು ನೋಡುವುದಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. “ಮಿಸ್!” ಎಂದು ಕೂಗಿದಾಗ ಗುರುತು ಹತ್ತಲಿಲ್ಲ, ಕೈ ಮುಗಿದಾಗ ಬೆರಳು ಕಂಡು ಗುರುತು ಹತ್ತಿತು. ರಾಯದುರ್ಗಕ್ಕೆ ಕೊಟ್ಟಿದ್ದಾರೆ, ಅಲ್ಲಿಯೂ ಮಗ್ಗವೇ. ಹತ್ತನೇ ತರಗತಿ ಮುಗಿದ ವರ್ಷವೇ ಮದುವೆಯಾಯಿತಂತೆ. ಮಗಳು ಏಳನೆಯ ತರಗತಿ, ತೆಲುಗು ಮೀಡಿಯಂ. ಕುಶಲ ವಿಚಾರಿಸಿದ್ದಾದ ಮೇಲೆ ನಾನು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದೆ. ಆ ರಷ್ಯಾ ಕ್ರಾಂತಿಯ ಉತ್ತರಕ್ಕೆ ನಾನು ಅರ್ಧ ಅಂಕ ಕೊಟ್ಟಿದ್ದು ತಪ್ಪಾಯಿತು, ಅದು ನಾಲ್ಕಕ್ಕೆ ನಾಲ್ಕರ ಉತ್ತರ, ದೊಡ್ಡ ದೊಡ್ಡವರು ಪುಸ್ತಕದಲ್ಲಿ ಹಾಗೇ ಬರೆದಿದ್ದಾರೆ ಎಂದೆ.

ಅವಳು ಮಗಳ ಜಡೆ ಸರಿ ಮಾಡುತ್ತ ನನ್ನನ್ನೇ ನೋಡಿದಳು.

“ಯಾವ ಉತ್ತರ ಮಿಸ್? ನಾನಲ್ಲ ಬಿಡ್ರಿ, ಬೇರೆ ಯಾರೋ ಇರಬೇಕು. ನಾನು ಯಾವಾಗಲೂ ಪುಸ್ತಕದಾಗಿದ್ದಂಗೇ ಬರೀತಿದ್ದೆ, ನೀವೇ ಹೇಳ್ತಿದ್ರಲ್ಲ.”

ರಾಯದುರ್ಗದ ಬಸ್ಸು ಬಂತು. ಸೀಟು ಹಿಡಿಯಲೆಂದು ಮಗಳು ಮುಂದೆ ಓಡಿದಳು, ಅವಳು ಚೀಲ ಎತ್ತಿಕೊಂಡು ಹಿಂದೆ.